ಕತ್ತರಿ, ದಾರ ಮತ್ತು 1500 ಗಂಟೆ



ನನ್ನ ಬಾಲ್ಯದಲ್ಲಿ ತಿಂಗಳಿಗೊಂದು ಭಾನುವಾರ ಬೆಳಗಿನ ಹೊತ್ತು ನಮ್ಮ ಮನೆಯ ಹಿತ್ತಿಲಿಗೆ ಒಬ್ಬ ಹಿರಿಯರು ಬರುತ್ತಿದ್ದರು. ಅವರ ಕೈಯಲ್ಲಿ ಒಂದು ಮರದ ಪೆಟ್ಟಿಗೆ. ಅದರೊಳಗೆ ಎರಡು ಕತ್ತರಿ, ಹಿಡಿ ಸವೆದ ಕ್ಷೌರದ ಕತ್ತಿ, ಅದನ್ನು ಮಸೆಯುವ ಚರ್ಮದ ಪಟ್ಟಿ, ಒಂದು ಪಟಿಕದ ಕಲ್ಲು, ಹಿತ್ತಾಳೆಯ ಬಟ್ಟಲು. ತೆಂಗಿನ ಮರದ ಬುಡದಲ್ಲಿ ಹಾಸಿದ ಗೋಣಿತಾಟಿನ ಮೇಲೆ ನಾವು ಅಣ್ಣತಮ್ಮಂದಿರು ಸರದಿಯಂತೆ ಕುಳಿತು ತಲೆ ತಗ್ಗಿಸುತ್ತಿದ್ದೆವು. ಕೂಲಿಯೆಂದು ಅವರಿಗೆ ಅಂದಂದಿಗೆ ಸಲ್ಲುತ್ತಿದ್ದುದು ಏನೂ ಇಲ್ಲ. ಸುಗ್ಗಿಯ ಕಾಲದಲ್ಲಿ ಕಣದಿಂದ ಆಯದ ರಾಗಿಯನ್ನು ಅಳೆದು ಕೊಡುತ್ತಿದ್ದರು. ಅವರು ಕ್ಷೌರವನ್ನು ಯಾವ ಶಾಲೆಯಲ್ಲಿ ಕಲಿತರೆಂದು ಕೇಳುವುದು ಯಾರಿಗೂ ಹೊಳೆದಿರಲಿಲ್ಲ. ಅವರ ತಂದೆ ಮಾಡುತ್ತಿದ್ದರು, ಅವರೂ ಮಾಡುತ್ತಿದ್ದರು, ಅಷ್ಟೆ.

ಈ ನೆನಪು ಮರುಕಳಿಸಿದ್ದಕ್ಕೆ ಒಂದು ಕಾರಣವಿದೆ. ಕೆಲವು ತಿಂಗಳ ಹಿಂದೆ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಮಾತನಾಡಿದಳು. ಮದುವೆಗೆ ಮುಂಚೆ ನಮ್ಮ ತಾಲ್ಲೂಕು ಕೇಂದ್ರದ ಒಂದು ಬ್ಯೂಟಿ ಪಾರ್ಲರಿನಲ್ಲಿ ಹುಬ್ಬು ತಿದ್ದುವ ಕೆಲಸವನ್ನು ಆಕೆ ಕಲಿತಿದ್ದಳು. ಹೊಲಿಗೆಯ ದಾರವನ್ನು ಹುರಿಗೊಳಿಸಿ ಕೂದಲನ್ನು ಬೇರುಸಹಿತ ಕೀಳುವ ಆ ವಿದ್ಯೆಗೆ ‘ಥ್ರೆಡ್ಡಿಂಗ್’ ಎಂದು ಹೆಸರು. ನಮ್ಮ ಹೆಣ್ಣುಮಕ್ಕಳಿಗೆ ಅದನ್ನು ವಿವರಿಸಬೇಕಾಗಿಲ್ಲ. ಈಗ ಅಲ್ಲಿಯೂ ಆಕೆ ಅದೇ ಕೆಲಸವನ್ನು ಮಾಡುತ್ತಾಳೆ. “ಸರ್, ನನ್ನ ಅಂಗಡಿಯಲ್ಲಿ ಮುಖಕ್ಕೆ ಕ್ರೀಮು ಹಚ್ಚುವವಳಿಗೆ ಲೈಸೆನ್ಸ್ ಬೇಕು, ಕೂದಲು ಕತ್ತರಿಸುವವಳಿಗೆ ಬೇಕು, ದಾರ ಹಿಡಿಯುವ ನನಗೆ ಮಾತ್ರ ಬೇಡವಂತೆ. ಮೊದಲು ಬೇಕಿತ್ತಂತೆ, ಕೋರ್ಟಿನಿಂದ ಹೋಯಿತಂತೆ. ಅದು ಹೇಗೆ? ನೀವು ಚರಿತ್ರೆಯ ಮೇಷ್ಟ್ರಲ್ಲವೆ, ಹೇಳಿ” ಎಂದಳು. ಗೊತ್ತಿಲ್ಲವೆಂದು ಹೇಳಲು ಸಂಕೋಚವಾಯಿತು. ಓದಿ ಹೇಳುತ್ತೇನೆ ಎಂದೆ. ಹಾಗೆ ಓದಿದ್ದರ ಸಾರಾಂಶವೇ ಈ ಲೇಖನ.

ಕ್ಷೌರ ವೃತ್ತಿಗೆ ಕಲಿಕೆಯ ಕಟ್ಟುಪಾಡನ್ನು ವಿಧಿಸುವ ಪದ್ಧತಿ ಹಳೆಯದು. ಮಧ್ಯಯುಗದ ಯೂರೋಪಿನಲ್ಲಿ ಕ್ಷೌರಿಕನೇ ಹಲ್ಲು ಕೀಳುತ್ತಿದ್ದ, ಕುರು ಕೊಯ್ಯುತ್ತಿದ್ದ, ರಕ್ತ ತೆಗೆಯುತ್ತಿದ್ದ. ಲಂಡನ್ನಿನಲ್ಲಿ 1540ರಲ್ಲಿ ಎಂಟನೆಯ ಹೆನ್ರಿಯ ಕಾಲದ ಒಂದು ಕಾಯಿದೆಯು ಕ್ಷೌರಿಕರನ್ನೂ ಶಸ್ತ್ರವೈದ್ಯರನ್ನೂ ಒಂದೇ ಸಂಘವಾಗಿ ಕೂಡಿಸಿತು. ಗುರುವಿನ ಅಂಗಡಿಯಲ್ಲಿ ವರ್ಷಗಟ್ಟಲೆ ಶಿಷ್ಯನಾಗಿ ದುಡಿದವನಿಗಷ್ಟೇ ಸ್ವಂತ ಅಂಗಡಿ ತೆರೆಯುವ ಹಕ್ಕು. 1745ರಲ್ಲಿ ಶಸ್ತ್ರವೈದ್ಯರು ಬೇರೆಯಾದರು. ಅವರು ಮೇಲೇರಿದರು, ಕ್ಷೌರಿಕರು ಕತ್ತರಿಯೊಡನೆ ಉಳಿದರು. ಇಂದಿಗೂ ಕೆಲವು ಅಂಗಡಿಗಳ ಮುಂದೆ ತಿರುಗುವ ಕೆಂಪು ಬಿಳಿ ಪಟ್ಟೆಯ ಕಂಬವು ಆ ರಕ್ತ ತೆಗೆಯುವ ಕಾಲದ ಗುರುತೆಂದು ಹೇಳುತ್ತಾರೆ.

ಅಮೆರಿಕದ ಕಥೆ ಇದಕ್ಕಿಂತ ಬೇರೆ. ಅಲ್ಲಿ 19ನೆಯ ಶತಮಾನದ ಬಹುಪಾಲು ಯಾರು ಬೇಕಾದರೂ ಕತ್ತರಿ ಹಿಡಿಯಬಹುದಾಗಿತ್ತು. 1887ರಲ್ಲಿ ಕ್ಷೌರಿಕರ ರಾಷ್ಟ್ರಮಟ್ಟದ ಕಾರ್ಮಿಕ ಸಂಘವೊಂದು ಹುಟ್ಟಿತು. 1893ರಲ್ಲಿ, ಅಂದರೆ ಸ್ವಾಮಿ ವಿವೇಕಾನಂದರು ಷಿಕಾಗೋದಲ್ಲಿ ಭಾಷಣ ಮಾಡಿದ ವರ್ಷದಲ್ಲಿಯೇ, ಅದೇ ನಗರದಲ್ಲಿ ಎ. ಬಿ. ಮೋಲರ್ ಎಂಬಾತ ಕ್ಷೌರವನ್ನು ಕಲಿಸುವ ಶಾಲೆಯೊಂದನ್ನು ತೆರೆದನು. ಕೆಲವೇ ವಾರಗಳಲ್ಲಿ ವೃತ್ತಿ ಕಲಿಸುತ್ತೇವೆಂದು ಇಂಥ ಶಾಲೆಗಳು ಪ್ರಚಾರ ಮಾಡಿದವು. ವರ್ಷಗಟ್ಟಲೆ ನೆಲ ಗುಡಿಸಿ, ಬಿಸಿನೀರು ಕಾಯಿಸಿ ಕಸಬು ಕಲಿತಿದ್ದ ಸಂಘದ ಸದಸ್ಯರಿಗೆ ಈ ‘ವಾರದ ಕ್ಷೌರಿಕರ’ ಮೇಲೆ ಅಸಮಾಧಾನವಾದುದರಲ್ಲಿ ಆಶ್ಚರ್ಯವಿಲ್ಲ. 1897ರಲ್ಲಿ ಮಿನ್ನೆಸೋಟ ರಾಜ್ಯವು ಕ್ಷೌರಿಕರಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ಇಂಥ ಕಾಯಿದೆ ಮಾಡಿದ ಮೊದಲ ರಾಜ್ಯ ಅದು. ಬಳಿಕ ಒಂದೊಂದೇ ರಾಜ್ಯ ಆ ಹಾದಿ ಹಿಡಿಯಿತು.

ಈ ಕಾಯಿದೆಗಳಿಗೆ ಕೊಟ್ಟ ಕಾರಣ ಆರೋಗ್ಯ. ಅದು ಸುಳ್ಳು ಕಾರಣವಲ್ಲ. ಪಾಶ್ಚರ್ ಮತ್ತು ಕೋಖ್ ಅವರ ಸಂಶೋಧನೆಗಳಿಂದ ಸೂಕ್ಷ್ಮಾಣುಗಳ ಭಯ ಜನರಲ್ಲಿ ಆಗತಾನೇ ಹರಡಿತ್ತು. ಒಂದೇ ಕತ್ತಿ, ಒಂದೇ ಟವೆಲ್, ಒಂದೇ ಬುರುಡೆ ನೊರೆಯ ಕುಂಚ ಹತ್ತಾರು ಗಡ್ಡಗಳನ್ನು ಸುತ್ತುತ್ತಿದ್ದ ಕಾಲ ಅದು. ಗಜಕರ್ಣದಂಥ ಚರ್ಮರೋಗಗಳು ಕ್ಷೌರದಂಗಡಿಯಿಂದ ಹರಡುತ್ತಿದ್ದವು. ಸಿಫಿಲಿಸ್ ಅಂಟೀತೆಂಬ ಭೀತಿಯೂ ಇತ್ತು. ಆದರೆ ಆರೋಗ್ಯದ ಬಾಗಿಲ ಹಿಂದೆ ಇನ್ನೊಂದು ಸಂಗತಿಯೂ ನಿಂತಿತ್ತು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಗುಲಾಮಗಿರಿಯ ಕಾಲದಿಂದಲೂ ಅಮೆರಿಕದ ಅನೇಕ ನಗರಗಳಲ್ಲಿ ಶ್ರೀಮಂತ ಬಿಳಿಯರ ಕ್ಷೌರ ಮಾಡುತ್ತಿದ್ದವರು ಕಪ್ಪು ಜನರು. ಪರರ ಸೇವೆಯ ಕೀಳು ಕೆಲಸವೆಂದು ಬಿಳಿಯರು ಬಿಟ್ಟುಕೊಟ್ಟಿದ್ದ ಈ ವೃತ್ತಿಯಿಂದಲೇ ಕೆಲವರು ಸಿರಿವಂತರಾದರು. ಅಟ್ಲಾಂಟ ನಗರದ ಅಲೊಂಜೊ ಹರ್ನ್‌ಡನ್ 1858ರಲ್ಲಿ ಗುಲಾಮನಾಗಿ ಹುಟ್ಟಿದವನು. ಅಮೃತಶಿಲೆಯ ನೆಲದ, ತೂಗುದೀಪಗಳ ಕ್ಷೌರದಂಗಡಿಯನ್ನು ನಡೆಸಿ, ಆ ಹಣದಿಂದ ದೊಡ್ಡದೊಂದು ವಿಮಾ ಸಂಸ್ಥೆಯನ್ನು ಕಟ್ಟಿದನು. ಈ ಕಸಬಿನಲ್ಲಿ ಲಾಭವಿದೆಯೆಂದು ತಿಳಿದ ಮೇಲೆ ಬಿಳಿಯ ಕ್ಷೌರಿಕರ ಸಂಖ್ಯೆ ಏರಿತು, ಅವರ ಸಂಘಗಳು ಬಲಿತವು. ಪರವಾನಗಿ ನೀಡುವ ಮಂಡಳಿಯಲ್ಲಿ ಯಾರು ಕೂರುತ್ತಾರೆ, ಪರೀಕ್ಷೆಯಲ್ಲಿ ಯಾರನ್ನು ತೇರ್ಗಡೆ ಮಾಡುತ್ತಾರೆ ಎಂಬುದನ್ನು ಕಪ್ಪು ಕ್ಷೌರಿಕರು ಚೆನ್ನಾಗಿ ಬಲ್ಲವರಾಗಿದ್ದರು. ಆದ್ದರಿಂದಲೇ ಹಲವು ಕಡೆ ಇಂಥ ಮಸೂದೆಗಳನ್ನು ಅವರು ವಿರೋಧಿಸಿದರು. ಅವರ ಭಯಕ್ಕೆ ಆಧಾರವಿತ್ತು. 1926ರಲ್ಲಿ ಅಟ್ಲಾಂಟ ನಗರಸಭೆಯು, ಕಪ್ಪು ಕ್ಷೌರಿಕರು ಬಿಳಿಯ ಹೆಂಗಸರ ಮತ್ತು ಮಕ್ಕಳ ಕೂದಲು ಕತ್ತರಿಸಕೂಡದೆಂದು ನಿಯಮವನ್ನೇ ಮಾಡಿತು. ಮರುವರ್ಷ ಜಾರ್ಜಿಯ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕ್ಷೌರದ ಕುರ್ಚಿಯ ಸುತ್ತ ಹಾಕುವ ಪ್ರತಿಯೊಂದು ಬೇಲಿಯೂ ರೋಗಾಣುವನ್ನು ತಡೆಯಲೆಂದೇ ಹಾಕಿದ್ದಲ್ಲ ಎಂಬುದಕ್ಕೆ ಇದು ಸಾಕ್ಷಿ.

ಹೆಂಗಸರ ಕೂದಲು ಎಂದೆನಷ್ಟೆ. 1920ರ ದಶಕದಲ್ಲಿ ಅಮೆರಿಕದ ಹೆಂಗಸರು ಉದ್ದ ಜಡೆಯನ್ನು ಕತ್ತರಿಸಿ ‘ಬಾಬ್’ ಮಾಡಿಸಿಕೊಳ್ಳಲು ಗಂಡಸರ ಕ್ಷೌರದಂಗಡಿಗಳಿಗೇ ನುಗ್ಗಿದರು. ಹೆಂಗಸರಿಗಾಗಿ ಬೇರೆ ಅಂಗಡಿಗಳೂ ಊರೂರಿಗೆ ಎದ್ದವು. ಈ ಹೊಸ ವೃತ್ತಿಗೆ ‘ಕಾಸ್ಮೆಟಾಲಜಿ’ ಎಂಬ ಗಂಭೀರ ಹೆಸರು ಬಂದಿತು. ಕೂದಲು, ಚರ್ಮ, ಉಗುರು ಮೂರೂ ಅದರಲ್ಲಿ ಅಡಕ. ಕ್ಷೌರಿಕರ ಮಂಡಳಿಯ ಕೈಕೆಳಗೆ ಇರಲೊಪ್ಪದ ಈ ಹೆಂಗಸರು ತಮ್ಮದೇ ಮಂಡಳಿ, ತಮ್ಮದೇ ಪರವಾನಗಿ ಬೇಕೆಂದು ಕೇಳಿ ಪಡೆದರು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಶಾಲೆ, ತರಬೇತಿ, ಪ್ರಮಾಣಪತ್ರ ಎಂಬುವು ಬರಿಯ ಬೇಲಿಯಾಗಿರಲಿಲ್ಲ, ಏಣಿಯೂ ಆಗಿದ್ದವು. ಮೇಡಂ ಸಿ. ಜೆ. ವಾಕರ್ ಎಂದು ಹೆಸರಾದ ಸಾರಾ ಬ್ರೀಡ್‌ಲವ್ 1867ರಲ್ಲಿ ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿ, ಬಟ್ಟೆ ಒಗೆದು ಜೀವಿಸಿದವಳು. ಕೂದಲ ಆರೈಕೆಯ ವಸ್ತುಗಳನ್ನು ತಯಾರಿಸಿ ಮಾರಿದಳು. 1908ರಲ್ಲಿ ಪಿಟ್ಸ್‌ಬರ್ಗಿನಲ್ಲಿ ತನ್ನ ಮಗಳ ಹೆಸರಿನಲ್ಲಿ ಲೀಲಿಯ ಕಾಲೇಜನ್ನು ತೆರೆದಳು. ಆನಿ ಮಲೋನ್ ಎಂಬಾಕೆ 1918ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಪೋರೋ ಕಾಲೇಜಿನ ಭವನವನ್ನು ಕಟ್ಟಿಸಿದಳು. ಪರರ ಮನೆಯಲ್ಲಿ ಪಾತ್ರೆ ತೊಳೆಯುವುದರ ಹೊರತು ಬೇರೆ ದಾರಿಯಿಲ್ಲದಿದ್ದ ಸಾವಿರಾರು ಹೆಂಗಸರಿಗೆ ಅಲ್ಲಿಯ ಪ್ರಮಾಣಪತ್ರ ಒಂದು ಗೌರವದ ಬದುಕನ್ನು ಕೊಟ್ಟಿತು. ನಾನು ಮೇಲೆ ಹೇಳಿದ ಮೋಲರನ ಹೆಸರಿನ ಷಿಕಾಗೋ ಶಾಲೆಯಿಂದ 1916ರಲ್ಲಿ ತೇರ್ಗಡೆಯಾದ ಮೊದಲ ಕಪ್ಪು ಮಹಿಳೆ ಮಾರ್ಜರಿ ಜಾಯ್ನರ್. ಕೂದಲನ್ನು ಬಹುಕಾಲ ಗುಂಗುರಾಗಿ ನಿಲ್ಲಿಸುವ ಯಂತ್ರಕ್ಕೆ 1928ರಲ್ಲಿ ಆಕೆ ಪೇಟೆಂಟ್ ಪಡೆದಳು. ಇಲಿನಾಯ್ ರಾಜ್ಯದ ಮೊದಲ ಕಾಸ್ಮೆಟಾಲಜಿ ಕಾಯಿದೆಯನ್ನು ರೂಪಿಸುವುದರಲ್ಲಿಯೂ ಆಕೆಯ ಕೈಯಿತ್ತು. ಬೇಲಿಯ ಹೊರಗೆ ನಿಲ್ಲಿಸಬಹುದಾಗಿದ್ದವಳೇ ಬೇಲಿಯ ನಕ್ಷೆಯನ್ನು ಬರೆದಳು. ಚರಿತ್ರೆ ಕಪ್ಪು ಬಿಳುಪಾಗಿ ಇರುವುದಿಲ್ಲವೆಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಅಪಾಯವೂ ಕಟ್ಟುಕಥೆಯಲ್ಲ. 1933ರ ಸುಮಾರಿಗೆ ‘ಲ್ಯಾಷ್ ಲೂರ್’ ಎಂಬ, ರೆಪ್ಪೆ ಮತ್ತು ಹುಬ್ಬುಗಳಿಗೆ ಹಚ್ಚುವ ಬಣ್ಣವೊಂದು ಅಮೆರಿಕದ ಬ್ಯೂಟಿ ಪಾರ್ಲರುಗಳಲ್ಲಿ ಬಳಕೆಗೆ ಬಂದಿತ್ತು. ಅದರಲ್ಲಿದ್ದ ರಾಸಾಯನಿಕದಿಂದ ಹೆಂಗಸರ ಕಣ್ಣುಗಳಲ್ಲಿ ಹುಣ್ಣಾಯಿತು. ದೃಷ್ಟಿ ಕಳೆದುಕೊಂಡವರುಂಟು, ಪ್ರಾಣ ಕಳೆದುಕೊಂಡವಳೂ ಉಂಟು. 1938ರಲ್ಲಿ ಬಂದ ಆಹಾರ, ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯ ಹಿಂದೆ ಇಂಥ ದುರಂತಗಳ ಒತ್ತಾಯವಿತ್ತು. ಗಮನಿಸಿ: ಆ ವಿಷವನ್ನು ಅಂಗಡಿಯಿಂದ ತೆಗೆಸಿದ್ದು ವಸ್ತುವಿನ ಮೇಲಿನ ಕಾನೂನು. ಅದನ್ನು ಹಚ್ಚುವವಳು ಶಾಲೆಯಲ್ಲಿ ಎಷ್ಟು ಗಂಟೆ ಕುಳಿತಿದ್ದಳೆಂಬ ಲೆಕ್ಕದಿಂದ ಯಾರ ಕಣ್ಣೂ ಉಳಿಯುತ್ತಿರಲಿಲ್ಲ.

ಈ ಗಂಟೆಯ ಲೆಕ್ಕವೇ ನನ್ನ ವಿಷಯದ ತಿರುಳು. ಅಮೆರಿಕದ ಪರವಾನಗಿಗೆ ಪರೀಕ್ಷೆ ಮಾತ್ರ ಸಾಲದು. ಮಾನ್ಯತೆ ಪಡೆದ ಶಾಲೆಯಲ್ಲಿ ಇಂತಿಷ್ಟು ಗಂಟೆ ಕಲಿತಿರಬೇಕು. ಕಾಸ್ಮೆಟಾಲಜಿಗೆ ನ್ಯೂಯಾರ್ಕಿನಲ್ಲಿ 1000 ಗಂಟೆ. ಟೆಕ್ಸಾಸಿನಲ್ಲಿ ಬಹುಕಾಲ 1500, ಕ್ಯಾಲಿಫೋರ್ನಿಯದಲ್ಲಿ 1600, ಅಯೋವದಲ್ಲಿ 2100 ಗಂಟೆಗಳಿದ್ದವು. ವಾರಕ್ಕೆ 40 ಗಂಟೆಯಂತೆ ಲೆಕ್ಕ ಹಾಕಿದರೆ ನ್ಯೂಯಾರ್ಕಿನ ಹುಡುಗಿ 25 ವಾರಗಳಲ್ಲಿ ಮುಗಿಸುವುದನ್ನು ಅಯೋವದ ಹುಡುಗಿ ಒಂದು ವರ್ಷಕ್ಕೂ ಮೀರಿ ಕಲಿಯಬೇಕಾಗಿತ್ತು. ಅಯೋವದ ಕೂದಲು ನ್ಯೂಯಾರ್ಕಿನ ಕೂದಲಿಗಿಂತ ಎರಡರಷ್ಟು ಒರಟೆಂದು ಯಾವ ವಿಜ್ಞಾನಿಯೂ ಹೇಳಿಲ್ಲ. ಇನ್ನೊಂದು ಹೋಲಿಕೆ ನೋಡಿ. ಪರವಾನಗಿಗಳನ್ನು ಪ್ರಶ್ನಿಸುವ ವಕೀಲರ ಸಂಸ್ಥೆಯೊಂದು 2012ರಲ್ಲಿ ರಾಜ್ಯರಾಜ್ಯಗಳ ನಿಯಮಗಳನ್ನು ಕೂಡಿಸಿ ಲೆಕ್ಕ ಹಾಕಿತು: ಕಾಸ್ಮೆಟಾಲಜಿಗೆ ಬೇಕಾದ ತರಬೇತಿ ಸರಾಸರಿ 372 ದಿನ, ಅಪಘಾತಕ್ಕೀಡಾದವನನ್ನು ಆಂಬ್ಯುಲೆನ್ಸಿನಲ್ಲಿ ಬದುಕಿಸುವ ತುರ್ತು ವೈದ್ಯಕೀಯ ಸಹಾಯಕನಿಗೆ ಬೇಕಾದುದು ಸರಾಸರಿ 33 ದಿನ.

ಗಂಟೆಗಳು ಹೀಗೇಕೆ ಉಬ್ಬಿದವು? ಕಾರಣಗಳು ಗೂಢವಲ್ಲ. ಈಗಾಗಲೇ ಪರವಾನಗಿಯುಳ್ಳವರಿಗೆ ಹೊಸಬರು ಕಡಿಮೆ ಬಂದಷ್ಟೂ ಲಾಭ. ಮಂಡಳಿಯಲ್ಲಿ ಕೂರುವವರು ಹೆಚ್ಚಾಗಿ ಅವರೇ. ಶಾಲೆಗಳಿಗೆ ಗಂಟೆ ಹೆಚ್ಚಿದಷ್ಟೂ ಶುಲ್ಕ ಹೆಚ್ಚು. ಕಲಿಯುವ ಹುಡುಗಿಯರು ಶಾಲೆಯ ಸಲೂನಿನಲ್ಲಿಯೇ ಗಿರಾಕಿಗಳ ಕೂದಲು ಕತ್ತರಿಸಿ ಅಭ್ಯಾಸ ಮಾಡುತ್ತಾರೆ. ಗಿರಾಕಿ ಕೊಟ್ಟ ಹಣ ಶಾಲೆಗೆ ಸೇರುತ್ತದೆ, ಕೆಲಸ ಮಾಡಿದವಳು ಮೇಲೆ ಶುಲ್ಕವನ್ನೂ ಕಟ್ಟುತ್ತಾಳೆ. ಆ ಶುಲ್ಕಕ್ಕೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ದೊರೆಯುತ್ತದೆ. ಸಾಲ ಮಾತ್ರ ಆಕೆಯ ತಲೆಯ ಮೇಲೆ ಉಳಿಯುತ್ತದೆ. ನಮ್ಮಲ್ಲಿ ‘ಊಟಕ್ಕಿಂತ ಉಪ್ಪಿನಕಾಯಿ ಹೆಚ್ಚು’ ಎನ್ನುತ್ತಾರಲ್ಲ, ಹಾಗಾಯಿತು ಇದು.

ಈ ಗಂಟೆಗಳ ಗೋಡೆಗೆ ಮೊದಲು ತಲೆ ತಾಗಿಸಿಕೊಂಡವರು ಜಡೆ ಹೆಣೆಯುವವರು. ಆಫ್ರಿಕದ ಮೂಲದ ಹೆಂಗಸರಲ್ಲಿ ಕೂದಲನ್ನು ಸಣ್ಣ ಸಣ್ಣ ಎಳೆಗಳಾಗಿ ಹೆಣೆಯುವ ಕಲೆ ತಾಯಿಯಿಂದ ಮಗಳಿಗೆ ಬರುತ್ತದೆ. ಅದಕ್ಕೆ ಕತ್ತರಿ ಬೇಡ, ಬಣ್ಣ ಬೇಡ, ರಾಸಾಯನಿಕ ಬೇಡ. ಟೆಕ್ಸಾಸಿನ ಡಲ್ಲಾಸ್ ನಗರದಲ್ಲಿ ಐಸಿಸ್ ಬ್ರ್ಯಾಂಟ್ಲಿ ಎಂಬಾಕೆಯನ್ನು 1997ರಲ್ಲಿ ಪರವಾನಗಿಯಿಲ್ಲದೆ ಜಡೆ ಹೆಣೆದ ಅಪರಾಧಕ್ಕಾಗಿ ಬಂಧಿಸಿದರು. ಹತ್ತು ವರ್ಷಗಳ ಬಳಿಕ ಸರ್ಕಾರ ಹೆಣೆಯುವವರಿಗೆ 35 ಗಂಟೆಗಳ ಪ್ರತ್ಯೇಕ ತರಬೇತಿಯನ್ನು ಗೊತ್ತುಮಾಡಿತು. ಆದರೆ ಆಕೆ ಅದನ್ನು ಬೇರೆಯವರಿಗೆ ಕಲಿಸಹೊರಟಾಗ, ನಿನ್ನ ಶಾಲೆ 2000 ಚದರಡಿ ಇರಬೇಕು, ಹತ್ತು ಕುರ್ಚಿಗಳಿರಬೇಕು, ಕೈತೊಟ್ಟಿಗಳಿರಬೇಕು ಎಂದರು. ಜಡೆ ಹೆಣೆಯಲು ನೀರಿನ ತೊಟ್ಟಿಯೇ ಬೇಕಾಗಿಲ್ಲ! 2015ರಲ್ಲಿ ಆಕೆ ನ್ಯಾಯಾಲಯದಲ್ಲಿ ಗೆದ್ದಳು. ಅದೇ ವರ್ಷ ಟೆಕ್ಸಾಸಿನ ಶಾಸನಸಭೆ ಜಡೆ ಹೆಣಿಗೆಯನ್ನು ಪರವಾನಗಿಯಿಂದಲೇ ಬಿಡಿಸಿತು. ಇತ್ತ ಯೂಟಾ ರಾಜ್ಯದಲ್ಲಿ, ಸಿಯೆರಾ ಲಿಯೋನಿನಿಂದ ಬಂದಿದ್ದ ಜೆಸ್ಟಿನಾ ಕ್ಲೇಟನ್ ಎಂಬಾಕೆಗೆ 2000 ಗಂಟೆಗಳ ಕೋರ್ಸು ಮುಗಿಸೆಂದರು. ಅದರಲ್ಲಿ ಆಕೆಯ ಹೆಣಿಗೆಯ ಪಾಠ ಇರಲಿಲ್ಲವೆನ್ನಬಹುದು. 2012ರಲ್ಲಿ ಅಲ್ಲಿಯ ಫೆಡರಲ್ ನ್ಯಾಯಾಧೀಶರು ಆ ನಿಯಮ ಆಕೆಗೆ ಅನ್ವಯಿಸಕೂಡದೆಂದು ತೀರ್ಪಿತ್ತರು.

ಈಗ ನನ್ನ ವಿದ್ಯಾರ್ಥಿನಿಯ ದಾರಕ್ಕೆ ಬರೋಣ. ಭಾರತ, ಇರಾನ್ ಮುಂತಾದ ದೇಶಗಳಿಂದ ಹೋದವರು ಈ ವಿದ್ಯೆಯನ್ನು ಅಮೆರಿಕದ ಮಾಲ್‌ಗಳಿಗೆ ಕೊಂಡೊಯ್ದರು. 2008 ಮತ್ತು 2009ರಲ್ಲಿ ಟೆಕ್ಸಾಸಿನ ಪರವಾನಗಿ ಇಲಾಖೆಯ ಪರಿವೀಕ್ಷಕರು ಹುಬ್ಬು ತಿದ್ದುವ ಅಂಗಡಿಗಳಿಗೆ ಬಂದು, ಚರ್ಮದ ಆರೈಕೆಯ ಪರವಾನಗಿ ಇಲ್ಲದೆ ಈ ಕೆಲಸ ಮಾಡಕೂಡದೆಂದು ನೋಟೀಸು ನೀಡತೊಡಗಿದರು. ಆ ಪರವಾನಗಿಗೆ 750 ಗಂಟೆಗಳ ತರಬೇತಿ ಬೇಕು. ಕೆಲಸ ಬಿಟ್ಟು, ಹಣ ಕಟ್ಟಿ, ಸುಮಾರು 19 ವಾರ ಕಲಿಯಬೇಕು. ಕಲಿತ ಮೇಲೆ ನಡೆಯುವ ಪರೀಕ್ಷೆಯಲ್ಲಿ ದಾರದ ಮಾತೇ ಇಲ್ಲ. ಹತ್ತಾರು ವರ್ಷ ಹುಬ್ಬು ತಿದ್ದಿದ ಹೆಂಗಸು, ತಾನೆಂದೂ ಮಾಡದ ಕೆಲಸಗಳನ್ನು ಕಲಿತು, ತಾನು ಬಲ್ಲ ಕೆಲಸದ ಪರೀಕ್ಷೆಯನ್ನೇ ಕೊಡದೆ, ತನ್ನ ಕೆಲಸಕ್ಕೆ ಅನುಮತಿ ಪಡೆಯಬೇಕಾಗಿತ್ತು.

2009ರ ಕೊನೆಯಲ್ಲಿ ಆಶಿಷ್ ಪಟೇಲ್ ಮೊದಲಾದ ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಸೋತರು. ಸರ್ಕಾರದ ವಾದವೂ ಪೊಳ್ಳಲ್ಲ: ದಾರ ಚರ್ಮವನ್ನು ತರಚಬಹುದು, ಕೊಳೆಯಾದ ದಾರದಿಂದ ನರುಳೆಯಂಥ ಚರ್ಮರೋಗ ಹರಡಬಹುದು ಎಂದು ಅವರು ಹೇಳಿದರು. ಶುಚಿತ್ವದ ನಿಯಮ ಬೇಡವೆಂದು ಅರ್ಜಿದಾರರೂ ಹೇಳಲಿಲ್ಲ. ಆದರೆ 750 ಗಂಟೆಗಳಲ್ಲಿ 320 ಗಂಟೆಗಳಷ್ಟು ಪಾಠಕ್ಕೂ ದಾರದ ಕೆಲಸದ ಸುರಕ್ಷತೆಗೂ ಸಂಬಂಧವಿಲ್ಲವೆಂಬುದನ್ನು ಸರ್ಕಾರವೂ ಒಪ್ಪಬೇಕಾಯಿತು. 2015ರ ಜೂನ್ 26ರಂದು ಟೆಕ್ಸಾಸಿನ ಸರ್ವೋಚ್ಚ ನ್ಯಾಯಾಲಯವು ಆರು ಮಂದಿಯ ಬಹುಮತದಿಂದ ತೀರ್ಪು ನೀಡಿತು; ಮೂವರು ಭಿನ್ನಮತ ತಾಳಿದರು. ಸರ್ಕಾರದ ಉದ್ದೇಶ ಒಳ್ಳೆಯದಾದರೂ, ಆ ಉದ್ದೇಶಕ್ಕೆ ಹೋಲಿಸಿದರೆ ಹೊರಿಸಿದ ಹೊರೆ ದಬ್ಬಾಳಿಕೆಯಷ್ಟು ಭಾರವಾದುದು, ಆದ್ದರಿಂದ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂಬುದು ಅದರ ತಾತ್ಪರ್ಯ. ಭಿನ್ನಮತದವರು, ಶಾಸನಸಭೆ ಮಾಡಬೇಕಾದ ಕೆಲಸವನ್ನು ನ್ಯಾಯಾಧೀಶರು ಕೈಗೆತ್ತಿಕೊಳ್ಳಬಾರದೆಂದರು. ಅದೂ ಯೋಚಿಸತಕ್ಕ ಮಾತೇ.

ಆ ತೀರ್ಪಿನ ತರುವಾಯ ಗೋಡೆ ಅಲ್ಲಲ್ಲಿ ತಗ್ಗಿದೆ. 2021ರಲ್ಲಿ ಟೆಕ್ಸಾಸ್ ತನ್ನ 1500 ಗಂಟೆಗಳನ್ನು 1000ಕ್ಕೆ ಇಳಿಸುವ ಕಾಯಿದೆ ಮಾಡಿತು. 2022ರಿಂದ ಕ್ಯಾಲಿಫೋರ್ನಿಯದಲ್ಲಿಯೂ 1600 ಹೋಗಿ 1000 ಆಯಿತು. 500 ಗಂಟೆ ಇಳಿಸಿದ್ದರಿಂದ ಯಾವ ಪಾಠ ಹೋಯಿತು, ಅದು ಅನಗತ್ಯವಾಗಿದ್ದರೆ ಅಷ್ಟು ಕಾಲ ಏಕಿತ್ತು ಎಂಬ ಪ್ರಶ್ನೆಯನ್ನು, ಹಳೆಯ ನಿಯಮದಂತೆ ಸಾಲ ಮಾಡಿ ಕಲಿತವರು ಕೇಳಿದರೆ ಉತ್ತರಿಸುವುದು ಕಷ್ಟ. ಇನ್ನು ಬ್ರಿಟನ್ನಿನಲ್ಲಿ 1964ರ ಕಾಯಿದೆಯಂತೆ ಕೇಶ ವಿನ್ಯಾಸಕಾರರ ನೋಂದಣಿ ಪುಸ್ತಕವೊಂದಿದೆ. ಅದರಲ್ಲಿ ಹೆಸರು ಬರೆಸುವುದು ಅವರವರ ಇಚ್ಛೆ. ಅಲ್ಲಿಯೂ ಜನ ತಲೆ ಕತ್ತರಿಸಿಕೊಂಡು ಸುಖವಾಗಿಯೇ ಇದ್ದಾರೆ.

ಇಷ್ಟನ್ನು ಓದಿದ ಮೇಲೆ ನನ್ನ ಹಿತ್ತಿಲಿನ ಆ ಹಿರಿಯರು ಮತ್ತೆ ನೆನಪಾದರು. ನಮ್ಮಲ್ಲಿ ಗಂಟೆಯ ಲೆಕ್ಕ ಇರಲಿಲ್ಲವೆಂದು ಹೆಮ್ಮೆಪಡುವ ಹಾಗಿಲ್ಲ. ನಮ್ಮಲ್ಲಿ ಇದ್ದುದು ಹುಟ್ಟಿನ ಲೆಕ್ಕ. ಅಮೆರಿಕದ ಬೇಲಿ ಹೊರಗಿನವರನ್ನು ಒಳಗೆ ಬಿಡದ ಬೇಲಿ. ನಮ್ಮದು ಒಳಗಿನವರನ್ನು ಹೊರಗೆ ಬಿಡದ ಬೇಲಿ. ಮದುವೆಗೂ ಮರಣಕ್ಕೂ ಅವರು ಬೇಕು, ಆದರೆ ಜಗಲಿಯ ಮೇಲೆ ಸಮನಾಗಿ ಕೂರುವ ಹಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ನಿಕಟವರ್ತಿಯಾಗಿದ್ದ ಹಡಪದ ಅಪ್ಪಣ್ಣನವರನ್ನು ಈ ವೃತ್ತಿಯ ಸಮುದಾಯ ತನ್ನವರೆಂದು ಇಂದಿಗೂ ಗೌರವಿಸುತ್ತದೆ. ಎಲ್ಲ ಕಾಯಕವೂ ಸಮಾನವೆಂದು ಶರಣರು ಹೇಳಿ ಎಂಟು ಶತಮಾನ ಕಳೆದ ಮೇಲೂ ನಮ್ಮ ಹಿತ್ತಿಲಿನಲ್ಲಿ ಗೋಣಿತಾಟು ಹಾಗೆಯೇ ಇತ್ತು.

ಈಗ ಕಾಲ ಬದಲಾಗಿದೆ. ಐ.ಟಿ.ಐ.ಗಳಲ್ಲಿ ಒಂದು ವರ್ಷದ ಕಾಸ್ಮೆಟಾಲಜಿ ತರಬೇತಿಯಿದೆ. ಯಾವ ಜಾತಿಯವರೂ ಕಲಿಯಬಹುದು, ಕಲಿಯದೆಯೂ ಪಾರ್ಲರ್ ತೆರೆಯಬಹುದು. ಸ್ಥಳೀಯ ಸಂಸ್ಥೆ ಕೊಡುವ ವ್ಯಾಪಾರ ಪರವಾನಗಿ ಅಂಗಡಿಗೇ ಹೊರತು ಕೈಗಲ್ಲ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸಬುಗಳಲ್ಲಿ ಕ್ಷೌರವೂ ಒಂದು. ಅಲ್ಲಿ ಮೊದಲ ಹಂತದ ತರಬೇತಿ ಸುಮಾರು 40 ಗಂಟೆ. ಕಲಿಯುವವನು ಶುಲ್ಕ ಕಟ್ಟುವುದಿಲ್ಲ. ದಿನಕ್ಕೆ 500 ರೂಪಾಯಿ ಅವನಿಗೇ ಕೊಡುತ್ತಾರೆ, ಉಪಕರಣಗಳಿಗೆ 15,000 ರೂಪಾಯಿಯವರೆಗೆ ನೆರವು ಬೇರೆ. ಇದು ಯಾರನ್ನೂ ತಡೆಯುವ ನಿಯಮವಲ್ಲ. ಈಗಾಗಲೇ ಬಲ್ಲವನನ್ನು ಬಲ್ಲವನೆಂದು ಗುರುತಿಸುವ ವಿಧಾನ. ಅಲ್ಲಿ 1500 ಗಂಟೆ ಹಣ ಕಟ್ಟಿ, ಇಲ್ಲಿ 40 ಗಂಟೆ ಹಣ ಪಡೆದು! ಆದರೆ ನಮ್ಮ ಕೊರತೆಯನ್ನೂ ಹೇಳಬೇಕು. ಕೂದಲು ನೇರಗೊಳಿಸುವ, ಬಣ್ಣ ಹಚ್ಚುವ, ಚರ್ಮ ಸುಲಿಯುವ ರಾಸಾಯನಿಕಗಳು ಈಗ ಸಣ್ಣ ಊರುಗಳ ಪಾರ್ಲರುಗಳಲ್ಲಿಯೂ ಇವೆ. ಅವನ್ನು ಬಳಸುವವರಿಗೆ ಒಂದು ದಿನದ ತರಬೇತಿಯೂ ಕಡ್ಡಾಯವಿಲ್ಲ. ಕತ್ತರಿಗೆ ಬೇಡದ ನಿಯಮ ಆ ಸೀಸೆಗಳಿಗೆ ಬೇಕು. ಅಪಾಯ ಎಲ್ಲಿದೆಯೋ ಅಲ್ಲಿ ಕಲಿಕೆ ಕಡ್ಡಾಯವಾಗಬೇಕು, ಅಪಾಯದಷ್ಟೇ ಆಗಬೇಕು.

ಇಷ್ಟೆಲ್ಲ ಅಮೆರಿಕದವರಿಗೆ ಬುದ್ಧಿ ಹೇಳಿದ ನಾನು ಯಾರು? ನಾನೂ ಒಬ್ಬ ಪರವಾನಗಿದಾರನೇ. ನನ್ನ ಕಾಲದಲ್ಲಿ ಬಿ.ಎಡ್. ಒಂದು ವರ್ಷದ್ದಾಗಿತ್ತು, 2015ರಿಂದ ಎರಡು ವರ್ಷವಾಯಿತು. ಪಾಠ ಮಾಡುವುದನ್ನು ನಾನು ಅಲ್ಲಿ ಕಲಿತದ್ದಕ್ಕಿಂತ ಕೊನೆಯ ಬೆಂಚಿನವರಿಂದ ಕಲಿತದ್ದೇ ಹೆಚ್ಚು. ಆದರೂ ಗಂಟೆಗಳ ಮೇಲೆ ನನಗಿದ್ದ ಭಕ್ತಿ ಅಷ್ಟಿಷ್ಟಲ್ಲ. ಹಾಜರಿ ಪುಸ್ತಕವನ್ನು ನಾನು ಹೇಗೆ ಹಿಡಿಯುತ್ತಿದ್ದೆನೆಂದು ನಿಮಗೆಲ್ಲ ಗೊತ್ತು.

ತೊಂಬತ್ತರ ದಶಕದಲ್ಲಿ ನಾನು ಕೆಲಸ ಮಾಡುತ್ತಿದ್ದ ಊರೊಂದರಲ್ಲಿ ಕ್ಷೌರಿಕರ ಮನೆಯ ಹುಡುಗನೊಬ್ಬ ಹತ್ತನೆಯ ತರಗತಿಯಲ್ಲಿದ್ದ. ಸಂತೆಯ ದಿನ ತಂದೆಗೆ ನೆರವಾಗಲು ಶಾಲೆ ತಪ್ಪಿಸುತ್ತಿದ್ದ. ಜಾತ್ರೆ, ಮದುವೆಗಳ ದಿನವೂ ಹಾಗೆಯೇ. ಪರೀಕ್ಷೆಗೆ ಕೂರಲು ಶೇಕಡ 75ರಷ್ಟು ಹಾಜರಿ ಬೇಕು, ಅವನದು 71. ಸಮಾಜ ವಿಜ್ಞಾನದಲ್ಲಿ ತರಗತಿಗೇ ಎರಡನೆಯವನು. ಕೊರತೆಯನ್ನು ಮನ್ನಿಸುವಂತೆ ತರಗತಿಯ ಶಿಕ್ಷಕನಾದ ನಾನು ಒಂದು ಶಿಫಾರಸು ಬರೆಯಬಹುದಿತ್ತು. ಅವನ ತಂದೆ ಬಂದು ಬಾಗಿಲಲ್ಲಿ ನಿಂತು ಕೇಳಿದರು. ನಿಯಮ ನಿಯಮವೇ ಎಂದೆ. ಹುಡುಗನಿಗೆ ಒಂದು ವರ್ಷ ಹೋಯಿತು. ಮರುವರ್ಷ ಪಾಸಾದ, ಆದರೆ ಮುಂದೆ ಓದಲಿಲ್ಲ. ಅವನಿಗೆ ಪಾಠ ಬರುತ್ತದೆಯೇ ಎಂದು ನಾನು ಕೇಳಲಿಲ್ಲ. ಎಷ್ಟು ದಿನ ಕುಳಿತಿದ್ದಾನೆ ಎಂದು ಮಾತ್ರ ಎಣಿಸಿದೆ. ಟೆಕ್ಸಾಸಿನ ಪರಿವೀಕ್ಷಕನಿಗೂ ನನಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ಈಗ ಅವನಿಗೆ ಐವತ್ತರ ಹತ್ತಿರದ ವಯಸ್ಸು. ತಾಲ್ಲೂಕು ಕೇಂದ್ರದಲ್ಲಿ ಮೂರು ಕುರ್ಚಿಗಳ ಸಲೂನ್ ಇಟ್ಟಿದ್ದಾನೆ. ತಿಂಗಳಿಗೊಮ್ಮೆ ನಾನು ಅಲ್ಲಿಗೇ ಹೋಗುತ್ತೇನೆ. ಪ್ರತಿ ಗಿರಾಕಿಗೂ ಹೊಸ ಬ್ಲೇಡು ಹಾಕುವುದನ್ನು ಅವನಿಗೆ ಯಾರೂ ಕಡ್ಡಾಯ ಮಾಡಿಲ್ಲ, ಅವನು ಹಾಕುತ್ತಾನೆ. ಕಳೆದ ಸಲ ಹೋದಾಗ ಕನ್ನಡಿಯ ಪಕ್ಕದಲ್ಲಿ ವಿಶ್ವಕರ್ಮ ಯೋಜನೆಯ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ತೂಗಿಸಿದ್ದ. ನಾನು ಅದನ್ನು ನೋಡುತ್ತಿದ್ದುದನ್ನು ಕನ್ನಡಿಯಲ್ಲಿಯೇ ಕಂಡು, ಕತ್ತರಿಯನ್ನು ನಿಲ್ಲಿಸದೆ ಹೇಳಿದ: “ಈ ಸಲ ಹಾಜರಿ ಪೂರ್ತಿ ಇದೆ ಸಾರ್.”

ಅವನು ನಗುತ್ತಿದ್ದ. ನನಗೆ ನಗಲಾಗಲಿಲ್ಲ. ಮೂವತ್ತು ವರ್ಷ ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಅಂದು ಕುರ್ಚಿಯಲ್ಲಿ ಕುಳಿತೇ ಹೇಳಿದೆ, ತಪ್ಪು ನನ್ನದಪ್ಪ ಎಂದು. “ಬಿಡಿ ಸಾರ್, ತಲೆ ಸ್ವಲ್ಪ ಬಗ್ಗಿಸಿ” ಎಂದ.

ಟೆಕ್ಸಾಸಿನಲ್ಲಿರುವ ಮಗಳೆ, ನಿನ್ನ ಪ್ರಶ್ನೆಗೆ ಉತ್ತರ ದೊರೆಯಿತೆಂದು ಭಾವಿಸುತ್ತೇನೆ. ನಿನ್ನ ಕೈಯ ದಾರಕ್ಕೆ ಲೈಸೆನ್ಸ್ ಬೇಡವಾದುದು ಯಾರ ಮರೆವಿನಿಂದಲೂ ಅಲ್ಲ; ನಿನ್ನಂಥ ಕೆಲವರು ಆರು ವರ್ಷ ಹೋರಾಡಿದ್ದರಿಂದ. ಆದ್ದರಿಂದ ಪ್ರತಿ ಸಲವೂ ಹೊಸ ದಾರ ತೆಗೆದುಕೊ, ಕೈ ತೊಳೆದುಕೊ. ಅಷ್ಟನ್ನು ನೀನು ಯಾರೂ ಎಣಿಸದಿದ್ದರೂ ಮಾಡುವೆಯೆಂದು ನನಗೆ ಗೊತ್ತು.